ಕಾಕ್ ಲೇನಿನ ಸದ್ದು

ಹಗಲು ಹೊತ್ತಿನಲ್ಲಿ ಮನೆಯೊಳಗೆ ಆಗುವ ಸದ್ದಿಗೆ ಯಾರೂ ಕಾರಣ ಕೇಳುವುದಿಲ್ಲ. ಅದೇ ಸದ್ದು ನಡುರಾತ್ರಿಯಲ್ಲಾದರೆ ಇಡೀ ಸಂಸಾರ ಎದ್ದು ಕೂಡುತ್ತದೆ. ಅಟ್ಟದ ಮೇಲೆ ಇಲಿ, ಹೆಂಚಿನ ಮೇಲೆ ಬೆಕ್ಕು, ಬಿಸಿಲಿಗೆ ಹಿಗ್ಗಿ ರಾತ್ರಿಯ ತಂಪಿಗೆ ಕುಗ್ಗುವ ತೊಲೆ, ಅಗಳಿ ಹಾಕದೆ ಬಿಟ್ಟ ಕಿಟಕಿ ಎಂದು ಹಿರಿಯರು ಒಂದೊಂದನ್ನೇ ಹೇಳಿ ಮಕ್ಕಳನ್ನು ಮಲಗಿಸುತ್ತಾರೆ. ಸಾಮಾನ್ಯವಾಗಿ ಸಂಗತಿ ಅಲ್ಲಿಗೆ ಮುಗಿಯುತ್ತದೆ. ಹಾಗೆ ಮುಗಿಯದೆ ಒಬ್ಬ ಮನುಷ್ಯನನ್ನು ಗಲ್ಲುಗಂಬದ ಹತ್ತಿರಕ್ಕೆ ಒಯ್ದ, ಇಂಗ್ಲೆಂಡಿನ ಅರಸನ ತಮ್ಮನನ್ನು ಸುರಿಯುವ ಮಳೆಯಲ್ಲಿ ಒಂದು ಇಕ್ಕಟ್ಟಾದ ಓಣಿಗೆ ಎಳೆತಂದ, ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ನನನ್ನು ರಾತ್ರಿ ಒಂದು ಗಂಟೆಗೆ ಚರ್ಚಿನ ನೆಲಮಾಳಿಗೆಯ ಬಾಗಿಲಿಗೆ ನಡೆಸಿದ ಒಂದು ಸದ್ದಿನ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಕನ್ನಡ ಪಾಠ ಹೇಳುವವನಿಗೆ ಲಂಡನ್ನಿನ ದೆವ್ವದ ಗೊಡವೆ ಏತಕ್ಕೆ ಎಂದು ಓದುಗರು ಕೇಳಬಹುದು. ತರಗತಿಯಲ್ಲಿ ನಿಘಂಟುಗಳ ಇತಿಹಾಸವನ್ನು ಹೇಳುವಾಗ 1755ರಲ್ಲಿ ಹೊರಬಂದ ಜಾನ್ಸನ್ನನ ಕೋಶದ ಮಾತು ಬಂದೇ ಬರುತ್ತದೆ. ಅಂಥ ಪಂಡಿತ ದೆವ್ವವನ್ನು ನಂಬಿ ಮೋಸಹೋದನೆಂಬ ಅಪವಾದವೂ ಅವನ ಹೆಸರಿನೊಂದಿಗೆ ಬಹುಕಾಲ ಅಂಟಿಕೊಂಡಿತ್ತು. ಅದರ ನಿಜವನ್ನು ಹುಡುಕಹೋದರೆ ಜಾನ್ಸನ್ ಹಿಂದೆ ಸರಿದು, ಒಬ್ಬ ಹುಡುಗಿ ಮತ್ತು ಒಬ್ಬ ಸತ್ತ ಹೆಂಗಸು ಮುಂದೆ ಬಂದು ನಿಲ್ಲುತ್ತಾರೆ.

ಕಾಕ್ ಲೇನ್ ಎಂಬುದು ಲಂಡನ್ ನಗರದಲ್ಲಿ ಆಗಿನ ಸ್ಮಿತ್‌ಫೀಲ್ಡ್ ದನದ ಸಂತೆಯ ಬಳಿಯ ಒಂದು ಸಣ್ಣ ಓಣಿ. ಅಲ್ಲಿ ಹತ್ತಿರದ ಸೇಂಟ್ ಸೆಪಲ್ಕರ್ ಚರ್ಚಿನಲ್ಲಿ ಗುಮಾಸ್ತನಾಗಿದ್ದ ರಿಚರ್ಡ್ ಪಾರ್ಸನ್ಸ್ ಎಂಬವನು ಸಂಸಾರ ಹೂಡಿದ್ದನು. ವರಮಾನ ಅಷ್ಟಕ್ಕಷ್ಟೆ, ಕುಡಿತದ ಚಾಳಿ ಬೇರೆ. 1759ರಲ್ಲಿ ಅವನು ತನ್ನ ಮನೆಯ ಒಂದು ಭಾಗವನ್ನು ವಿಲಿಯಂ ಕೆಂಟ್ ಮತ್ತು ಫ್ಯಾನಿ ಎಂಬ ದಂಪತಿಗಳಿಗೆ ಬಾಡಿಗೆಗೆ ಕೊಟ್ಟನು. ದಂಪತಿಗಳು ಎಂದೆನಾದರೂ ಅವರಿಗೆ ಮದುವೆಯಾಗಿರಲಿಲ್ಲ. ನಾರ್ಫೋಕ್ ಪ್ರಾಂತದವನಾದ ಕೆಂಟನು ಮೊದಲು ಎಲಿಜಬೆತ್ ಲೈನ್ಸ್ ಎಂಬವಳನ್ನು ಕೈಹಿಡಿದಿದ್ದನು. ಆಕೆ ಹೆರಿಗೆಯಲ್ಲಿ ತೀರಿಕೊಂಡಳು. ಕೂಸೂ ಬಹಳ ದಿನ ಬದುಕಲಿಲ್ಲ. ಮನೆ ನೋಡಿಕೊಳ್ಳಲು ಬಂದಿದ್ದ ಆಕೆಯ ಒಡಹುಟ್ಟಿದವಳು ಫ್ಯಾನಿ. ಇಬ್ಬರಲ್ಲೂ ಪ್ರೀತಿ ಬೆಳೆಯಿತು. ನಮ್ಮಲ್ಲಾದರೆ ಹಿರಿಯರೇ ಮುಂದೆ ನಿಂತು, ‘ಅಕ್ಕ ಹೋದ ಮನೆಗೆ ತಂಗಿಯೇ ಬರಲಿ’ ಎಂದು ಅಕ್ಷತೆ ಹಾಕಿಬಿಡುತ್ತಿದ್ದರು. ಇಂಗ್ಲೆಂಡಿನ ಧರ್ಮಶಾಸನವು ಸತ್ತ ಹೆಂಡತಿಯ ಸಹೋದರಿಯನ್ನು ಮದುವೆಯಾಗುವುದನ್ನು ನಿಷೇಧಿಸಿತ್ತು. ಆ ನಿಷೇಧ ಅಳಿದದ್ದು 1907ರಲ್ಲಿ. ಆದ್ದರಿಂದ ಈ ಇಬ್ಬರೂ ಊರು ಬಿಟ್ಟು, ಗುರುತಿಲ್ಲದ ಮಹಾನಗರದಲ್ಲಿ ಗಂಡಹೆಂಡಿರೆಂದು ಹೇಳಿಕೊಂಡು ಬದುಕಲು ಬಂದರು. ಒಬ್ಬರ ಆಸ್ತಿ ಇನ್ನೊಬ್ಬರಿಗೆಂದು ಉಯಿಲುಗಳನ್ನೂ ಬರೆದಿಟ್ಟರು.

ಕೆಂಟ್ ಬಡ್ಡಿ ವ್ಯವಹಾರದವನು. ಮನೆಯ ಯಜಮಾನ ಪಾರ್ಸನ್ಸ್ ಅವನಿಂದ 12 ಗಿನಿಗಳ ಸಾಲ ತೆಗೆದುಕೊಂಡನು. ತಿಂಗಳಿಗೊಂದು ಗಿನಿಯಂತೆ ತೀರಿಸುವುದೆಂದು ಮಾತು. ಕೆಂಟನೂ ಸಲಿಗೆಯಲ್ಲಿ ತಮ್ಮ ಮದುವೆಯ ಗುಟ್ಟನ್ನು ಅವನಿಗೆ ಹೇಳಿದನು. ಸಾಲಗಾರನ ಕೈಯಲ್ಲಿ ಸಾಲ ಕೊಟ್ಟವನ ಗುಟ್ಟು! ಮುಂದಿನದೆಲ್ಲಕ್ಕೂ ಬೀಜ ಬಿದ್ದದ್ದು ಇಲ್ಲಿಯೇ ಎಂದು ನನಗೆ ತೋರುತ್ತದೆ.

ಕೆಂಟ್ ಯಾವುದೋ ಮದುವೆಗೆಂದು ಹಳ್ಳಿಗೆ ಹೋಗಿದ್ದಾಗ ಗರ್ಭಿಣಿಯಾಗಿದ್ದ ಫ್ಯಾನಿ ಒಬ್ಬಳೇ ಮಲಗಲು ಹೆದರಿ ಪಾರ್ಸನ್ಸನ ಹಿರಿಯ ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಂಡಳು. (ಈ ಹುಡುಗಿಯ ಹೆಸರೂ ಎಲಿಜಬೆತ್, ಆಕೆಯ ತಾಯಿಯ ಹೆಸರೂ ಅದೇ. ಗೊಂದಲವಾಗದಿರಲೆಂದು ನಾನು ಹುಡುಗಿ ಎಂದಷ್ಟೇ ಕರೆಯುತ್ತೇನೆ.) ಆ ರಾತ್ರಿಗಳಲ್ಲಿ ಸದ್ದು ಮೊದಲಾಯಿತು. ಮರವನ್ನು ಉಗುರಿನಿಂದ ಕೆರೆದಂತೆ ಒಮ್ಮೆ. ಬೆರಳ ಗೆಣ್ಣಿನಿಂದ ಕುಟ್ಟಿದಂತೆ ಇನ್ನೊಮ್ಮೆ. ಪಕ್ಕದ ಮನೆಯ ಮೋಚಿ ರಾತ್ರಿಯೆಲ್ಲ ಜೋಡು ಹೊಲಿಯುತ್ತಾನೆ, ಅವನ ಸುತ್ತಿಗೆಯೇ ಇರಬೇಕು ಎಂದಳು ಮನೆಯ ಯಜಮಾನಿ. ಒಳ್ಳೆಯ ವಿವರಣೆ. ಆದರೆ ಮೋಚಿ ಕೆಲಸ ಮಾಡದ ಭಾನುವಾರದ ರಾತ್ರಿಯೂ ಸದ್ದು ಕೇಳಿತು. ಸದ್ದಿನ ಮೂಲವನ್ನು ಹುಡುಕುವ ಕೆಲಸದಲ್ಲಿ ಈ ಮೊದಲ ಪರೀಕ್ಷೆ ನಿಜವಾಗಿಯೂ ಅಚ್ಚುಕಟ್ಟಾದದ್ದೇ: ಶಂಕಿತನು ಇಲ್ಲದಾಗಲೂ ಕಾರ್ಯ ನಡೆದರೆ ಅವನು ಕಾರಣನಲ್ಲ. ಅಷ್ಟರಲ್ಲಿ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮೋಚಿ ಅಲ್ಲವೆಂದಮೇಲೆ ದೆವ್ವವೇ ಎಂದು ಮನೆಯವರು ಜಿಗಿದರು. ಸತ್ತ ಅಕ್ಕನೇ ತನ್ನನ್ನು ಎಚ್ಚರಿಸಲು ಬಂದಿದ್ದಾಳೆಂದು ಫ್ಯಾನಿ ನಡುಗಿದಳು. ತಾನು ಮಾಡಿದ್ದು ತಪ್ಪೆಂದು ಒಳಗೊಳಗೇ ಕೊರಗುತ್ತಿದ್ದವಳಿಗೆ ಬೇರೆ ಯಾವ ಅರ್ಥ ಹೊಳೆದೀತು?

ದಂಪತಿಗಳು ಆ ಮನೆಯನ್ನು ಬಿಟ್ಟು ಕ್ಲಾರ್ಕೆನ್‌ವೆಲ್ ಬಡಾವಣೆಗೆ ಹೋದರು. ಅಲ್ಲಿ ಫ್ಯಾನಿಗೆ ಸಿಡುಬು ತಗುಲಿತು. ವೈದ್ಯರೂ ಔಷಧಿಯಂಗಡಿಯವರೂ ನೋಡಿಕೊಂಡರು. ಫಲವಾಗದೆ ಆಕೆ 1760ರ ಫೆಬ್ರವರಿ 2ರಂದು ತೀರಿಕೊಂಡಳು. ಸೇಂಟ್ ಜಾನ್ ಚರ್ಚಿನ ನೆಲಮಾಳಿಗೆಯಲ್ಲಿ ಶವಪೆಟ್ಟಿಗೆಯನ್ನು ಇರಿಸಿದರು. ಅದರ ಮೇಲೆ ಹೆಸರಿನ ಫಲಕ ಹಾಕಿಸಲಿಲ್ಲ. ಕೆಂಟ್ ಎಂದು ಬರೆಸಿದರೆ ಸುಳ್ಳು, ಶಿಕ್ಷೆಯ ಭಯ. ಲೈನ್ಸ್ ಎಂದು ಬರೆಸಿದರೆ ಅವಮಾನ. ಸಂಸ್ಕಾರಕ್ಕೆ ಬಂದ ಫ್ಯಾನಿಯ ಸೋದರಿಗೆ ಮುಚ್ಚಳ ಬಿಗಿದ ಪೆಟ್ಟಿಗೆಯಷ್ಟೇ ಕಂಡಿತು, ಮುಖ ಕಾಣಲಿಲ್ಲ. ಉಯಿಲಿನ ವಿಚಾರದಲ್ಲಿ ಬಂಧುಗಳಿಗೆ ಮೊದಲೇ ಅಸಮಾಧಾನ. ಈಗ ಸಂಶಯವೂ ಸೇರಿತು. ಇತ್ತ ಕೆಂಟನು ವಕೀಲರ ಮೂಲಕ ಪಾರ್ಸನ್ಸನಿಂದ ಸಾಲವನ್ನು ವಸೂಲು ಮಾಡಿಸಿದನು.

1762ರ ಆರಂಭದ ಹೊತ್ತಿಗೆ ಕಾಕ್ ಲೇನಿನ ಮನೆಯ ಸದ್ದು ಊರ ಮಾತಾಯಿತು. ಹುಡುಗಿಗೆ ಆಗ 12ರ ಆಸುಪಾಸು. ಅವಳ ಹಾಸಿಗೆಯ ಸುತ್ತಲೇ ಸದ್ದು. ಈಗ ಬಂದಿರುವುದು ಅಕ್ಕನಲ್ಲ, ಫ್ಯಾನಿಯೇ ಎಂದು ಪಾರ್ಸನ್ಸ್ ಹೇಳಿದನು. ಅವನ ಬೆಂಬಲಕ್ಕೆ ಬಂದವನು ಹತ್ತಿರದ ಸೇಂಟ್ ಬಾರ್ತಾಲೊಮ್ಯೂ ಚರ್ಚಿನ ಪಾದ್ರಿ ಜಾನ್ ಮೂರ್. ಈತನಿಗೆ ಆಗ ಹೊಸದಾಗಿ ಹಬ್ಬುತ್ತಿದ್ದ ಮೆಥಡಿಸ್ಟ್ ಪಂಥದ ಕಡೆ ಒಲವು. ಆ ಪಂಥದವರಿಗೆ ಇಂಥ ಸದ್ದು ಹೊಸದಲ್ಲ. ಪಂಥದ ಸ್ಥಾಪಕ ಜಾನ್ ವೆಸ್ಲಿಯ ತಂದೆಯ ಮನೆಯಲ್ಲಿಯೇ, ಲಿಂಕನ್‌ಷೈರಿನ ಎಪ್‌ವರ್ತ್ ಎಂಬಲ್ಲಿ, 1716ರ ಡಿಸೆಂಬರಿನಿಂದ ಮುಂದಿನ ಜನವರಿಯವರೆಗೆ ಬಡಿತಗಳು ಕೇಳಿದ್ದವು. ಆ ಮನೆಯ ತಾಯಿ ಇಲಿಯ ಕಾಟವಿರಬೇಕೆಂದು ಮೊದಲು ಕೊಂಬು ಊದಿಸಿ ನೋಡಿದಳಂತೆ. ಇಲಿ ಓಡಿತೋ ಇಲ್ಲವೋ, ಸದ್ದು ನಿಲ್ಲಲಿಲ್ಲ. ಅರಸನಿಗಾಗಿ ಪ್ರಾರ್ಥನೆ ಸಲ್ಲಿಸುವಾಗ ಅದು ಇನ್ನೂ ಜೋರಾಗುತ್ತಿತ್ತೆಂದು ಮನೆಯವರು ಬರೆದಿಟ್ಟಿದ್ದಾರೆ. ಅಲ್ಲಿ ಮೂಲ ಸಿಕ್ಕಲೇ ಇಲ್ಲ. ಆದರೆ ಅಲ್ಲಿ ಯಾರ ಕೊರಳಿಗೂ ಹಗ್ಗ ಬೀಳುವ ಭಯವಿರಲಿಲ್ಲ.

ಕಾಕ್ ಲೇನಿನಲ್ಲಿ ಹಾಗಲ್ಲ. ಮೂರ್ ಮತ್ತು ಪಾರ್ಸನ್ಸ್ ಕೂಡಿ ಸದ್ದಿಗೆ ಒಂದು ಭಾಷೆಯನ್ನು ಗೊತ್ತುಮಾಡಿದರು: ಒಂದು ಬಡಿತವೆಂದರೆ ಹೌದು, ಎರಡು ಬಡಿತವೆಂದರೆ ಅಲ್ಲ. ಸಿಟ್ಟು ಬಂದರೆ ಕೆರೆಯುವ ಸದ್ದು. ಊರಿನವರು ‘ಪರಚುವ ಫ್ಯಾನಿ’ ಎಂದು ಹೆಸರಿಟ್ಟದ್ದು ಇದರಿಂದ. ನಮ್ಮ ಮನೆಗಳಲ್ಲಿ ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ‘ನೋಡಿ, ಸತ್ಯ’ ಎನ್ನುವುದುಂಟಷ್ಟೆ. ಹಲ್ಲಿಗೆ ನಮ್ಮ ಮಾತಿನ ಅರಿವಿಲ್ಲ. ಅದು ಯಾವ ಮಾತಿಗೆ ಲೊಚಗುಟ್ಟಿತೋ ಅದಕ್ಕೆ ಸಾಕ್ಷಿ. ಇಲ್ಲಿಯೂ ನಡೆದದ್ದು ಅದೇ. ‘ಕೆಂಟನು ನನಗೆ ಕಹಿಸೊಪ್ಪಿನ ಬಿಯರಿನಲ್ಲಿ ಪಾಷಾಣ ಬೆರೆಸಿ ಕೊಟ್ಟ, ಸಾಯುವ ಕೆಲವು ಗಂಟೆ ಮೊದಲು’ ಎಂಬಷ್ಟು ವಿವರವನ್ನು ಯಾವ ಬಡಿತವೂ ತಾನಾಗಿ ಹೇಳಲಾರದು. ಮೊದಲು ಯಾರೋ ಒಬ್ಬನ ಬಾಯಿಂದ ಅದು ಪ್ರಶ್ನೆಯಾಗಿ ಹೊರಡಬೇಕು. ಪಾಷಾಣವೆ? ಟಕ್. ಬಿಯರಿನಲ್ಲಿಯೆ? ಟಕ್. ಕೆಲವು ಗಂಟೆ ಮೊದಲೆ? ಟಕ್. ಈ ಕೊಲೆಯ ಕಥೆಯ ಪ್ರತಿಯೊಂದು ಶಬ್ದವೂ ಕೇಳುವವರದು. ಸತ್ತವಳದೆಂದರೆ ಅದರ ನಡುವಿನ ಟಕ್ ಮಾತ್ರ, ಅದೂ ಅವಳದಾಗಿದ್ದರೆ.

ಕೆಂಟನಿಗೆ ಈ ಸಂಗತಿ ತಿಳಿದದ್ದು ಪತ್ರಿಕೆಯಿಂದ. ‘ಪಬ್ಲಿಕ್ ಲೆಡ್ಜರ್’ ಎಂಬ ಪತ್ರಿಕೆ ದೆವ್ವದ ಆರೋಪವನ್ನು ಅಚ್ಚುಹಾಕಿತ್ತು. ಅವನು ನೇರವಾಗಿ ಮೂರ್‌ನ ಬಳಿಗೆ ಹೋದನು. ಜನವರಿ 12ರಂದು ಆ ಕೋಣೆಯಲ್ಲಿ ನಿಂತು ತನ್ನ ಮೇಲಿನ ದೂರನ್ನು ತಾನೇ ಕೇಳಿದನು. ವಿಷವಿಕ್ಕಿದವನು ಇವನೆ ಎಂಬ ಪ್ರಶ್ನೆಗೆ ಒಂದು ಬಡಿತ. ಇವನನ್ನು ಗಲ್ಲಿಗೆ ಹಾಕಬೇಕೆ ಎಂಬುದಕ್ಕೂ ಒಂದೇ ಬಡಿತ. ಸುಳ್ಳು ಹೇಳುವ ಪಿಶಾಚಿ ನೀನು, ನನ್ನ ಫ್ಯಾನಿ ನೀನಲ್ಲ, ಆಕೆ ಇಂಥ ಮಾತನ್ನು ಎಂದೂ ಆಡಳು ಎಂದು ಆ ಮನುಷ್ಯ ಕೂಗಿಬಿಟ್ಟನಂತೆ. ಪಾರ್ಸನ್ಸ್ ಚಾಕರಿ ಮಾಡುತ್ತಿದ್ದ ಸೇಂಟ್ ಸೆಪಲ್ಕರ್ ಚರ್ಚಿನ ಗಂಟೆಯನ್ನೇ, ನ್ಯೂಗೇಟ್ ಸೆರೆಮನೆಯಿಂದ ಗಲ್ಲಿಗೆ ಹೊರಡುವವರಿಗಾಗಿ ಬಾರಿಸುತ್ತಿದ್ದುದೆಂಬುದನ್ನು ನೆನೆದರೆ ಆ ಕೂಗಿನ ಹಿಂದಿನ ಭೀತಿ ಅರ್ಥವಾದೀತು. ಫ್ಯಾನಿಯ ಸೇವಕಿಯೊಬ್ಬಳಿದ್ದಳು, ಕೆಂಗೂದಲಿನ ಕಾರಣ ಅವಳನ್ನು ‘ಕ್ಯಾರಟ್ಸ್’ ಎಂದು ಕರೆಯುತ್ತಿದ್ದರು. ಅವಳಿಗೆಲ್ಲ ಗೊತ್ತು ಎಂದಿತು ದೆವ್ವ. ಅವಳನ್ನು ಕರೆಸಿ ಕೇಳಿದರೆ, ಕೊನೆಯ ದಿನಗಳಲ್ಲಿ ಅಮ್ಮಾವರಿಗೆ ಮಾತೇ ಹೊರಡುತ್ತಿರಲಿಲ್ಲ, ನನಗೆ ಏನು ಹೇಳಿಯಾರು ಎಂದಳು. ಇಡೀ ಪ್ರಕರಣದಲ್ಲಿ ನಾನು ಓದಿದ ವಿವೇಕದ ಮಾತು ಇದೊಂದು. ಆದರೆ ಯಾರೂ ಅದನ್ನು ಕಿವಿಗೆ ಹಾಕಿಕೊಂಡಂತೆ ಕಾಣುವುದಿಲ್ಲ.

ಜನ ಹುಚ್ಚೆದ್ದು ಬಂದರು. ಹೊರೇಸ್ ವಾಲ್ಪೋಲ್ ತನ್ನ ಮಿತ್ರನಿಗೆ ಬರೆದ ಪತ್ರವೊಂದರಲ್ಲಿ ಆ ನೋಟವನ್ನು ಚಿತ್ರಿಸಿದ್ದಾನೆ. ಮೂರನೆಯ ಜಾರ್ಜ್ ಅರಸನ ತಮ್ಮ ಯಾರ್ಕಿನ ಡ್ಯೂಕ್, ಇಬ್ಬರು ಶ್ರೀಮಂತ ಸ್ತ್ರೀಯರು, ಒಬ್ಬ ಪ್ರಭು, ಜೊತೆಗೆ ತಾನು, ಹೀಗೆ ಐವರೂ ಸಂಗೀತ ನಾಟಕ ಮುಗಿಸಿ, ಉಡುಪು ಬದಲಿಸಿ, ಒಂದೇ ಬಾಡಿಗೆ ಗಾಡಿಯಲ್ಲಿ ತುಂಬಿಕೊಂಡು ಹೋದರಂತೆ. ಹೊರಗೆ ಧಾರಾಕಾರ ಮಳೆ, ಆದರೂ ಓಣಿ ತುಂಬ ಜನ. ಕೋಣೆಯಲ್ಲಿ ಸುಮಾರು ಐವತ್ತು ಮಂದಿಗೆ ಕೊಬ್ಬಿನ ಮೇಣದ ಒಂದೇ ಬತ್ತಿ. ರಾತ್ರಿ ಒಂದೂವರೆಯವರೆಗೆ ಕಾದರೂ ಏನೂ ಕೇಳಿಸಲಿಲ್ಲ. ಬೆಳಗಿನ ಏಳು ಗಂಟೆಗೆ ಬರುತ್ತದೆ ಎಂದು ಗೊಂಬೆಯಾಟದವರು ಹೇಳುವ ಹಾಗೆ ಹೇಳಿ ಕಳುಹಿಸಿದರು. ಸುತ್ತಲಿನ ಹೆಂಡದಂಗಡಿಗಳಿಗೆ ಮಾತ್ರ ಹಬ್ಬವೋ ಹಬ್ಬ ಎಂದೂ ಅವನು ಬರೆದಿದ್ದಾನೆ. ವಾಲ್ಪೋಲನಿಗೆ ಇದೆಲ್ಲ ನಗೆಯ ವಸ್ತು. ಹಾಸಿಗೆಯಲ್ಲಿ ಮಲಗಿದ್ದ ಹುಡುಗಿಗೆ ಐವತ್ತು ಜನ ಅಪರಿಚಿತರ ಮುಖಗಳು ಆ ಬತ್ತಿಯ ಬೆಳಕಿನಲ್ಲಿ ಹೇಗೆ ಕಂಡವೋ, ಅದನ್ನು ಬರೆದವರಿಲ್ಲ.

ಕೊನೆಗೆ ಕ್ಲಾರ್ಕೆನ್‌ವೆಲ್ಲಿನ ಪಾದ್ರಿ ಸ್ಟೀಫನ್ ಆಲ್ಡ್ರಿಚ್ ಮತ್ತು ಡಾರ್ಟ್‌ಮತ್ ಪ್ರಭು ಸೇರಿ ಒಂದು ಪರೀಕ್ಷಾ ಮಂಡಲಿಯನ್ನು ಕೂಡಿಸಿದರು. ಅದರಲ್ಲಿ ಒಬ್ಬ ವೈದ್ಯ, ಒಂದು ಆಸ್ಪತ್ರೆಯ ಮೇಲ್ವಿಚಾರಕಿ, ಸುಳ್ಳು ಪವಾಡಗಳನ್ನು ಬಯಲಿಗೆಳೆಯುವುದರಲ್ಲಿ ಹೆಸರಾದ ಜಾನ್ ಡಗ್ಲಾಸ್, ಹಾಗೂ ನಮ್ಮ ಜಾನ್ಸನ್ ಇದ್ದರು. ಫೆಬ್ರವರಿ 1ರ ರಾತ್ರಿ ಹುಡುಗಿಯನ್ನು ಆಲ್ಡ್ರಿಚನ ಮನೆಗೆ ಕರೆತಂದು, ಹೆಂಗಸರು ಪರೀಕ್ಷಿಸಿ ಮಲಗಿಸಿದರು. ಒಂದು ಗಂಟೆಗೂ ಮಿಕ್ಕಿ ಗಂಡಸರು ಸುತ್ತ ಕುಳಿತರು, ಸದ್ದಿಲ್ಲ. ಅವರು ಕೆಳಗಿಳಿದು ತಂದೆಯನ್ನು ವಿಚಾರಿಸುತ್ತಿರುವಾಗ ಮೇಲಿನಿಂದ ಹೆಂಗಸರ ಕರೆ ಬಂತು: ಬಡಿತ ಕೇಳಿಸುತ್ತಿದೆ! ಹೋಗಿ ನೋಡಿದರೆ, ಬೆನ್ನ ಮೇಲೆ ಇಲಿ ಹರಿದಂತಾಗುತ್ತಿದೆ ಎಂದು ಹುಡುಗಿ ಹೇಳಿದಳು. ಕೈಗಳನ್ನು ಹೊದಿಕೆಯ ಹೊರಗಿಡು ಎಂದರು. ಕೈಗಳು ಹೊರಗೆ ಬಂದವು, ಸದ್ದು ನಿಂತಿತು.

ಇನ್ನೊಂದು ಪರೀಕ್ಷೆ ಉಳಿದಿತ್ತು. ಮಂಡಲಿಯವರೊಬ್ಬರು ನೆಲಮಾಳಿಗೆಗೆ ಬಂದರೆ ತನ್ನ ಶವಪೆಟ್ಟಿಗೆಯ ಮೇಲೆ ಬಡಿದು ತೋರಿಸುವೆನೆಂದು ದೆವ್ವ ಮೊದಲೇ ಮಾತು ಕೊಟ್ಟಿತ್ತು. ರಾತ್ರಿ ಒಂದು ಗಂಟೆಗೆ ಎಲ್ಲರೂ ಸೇಂಟ್ ಜಾನ್ ಚರ್ಚಿಗೆ ನಡೆದರು. ಮಾತು ಪಡೆದಿದ್ದವನು ಇನ್ನೊಬ್ಬನೊಡನೆ ಕೆಳಗಿಳಿದು ಕರೆದನು. ಮೌನ. ಆಮೇಲೆ ಕೆಂಟನೂ ಕೆಲವರೊಡನೆ ಇಳಿದು, ಹೆಸರಿಲ್ಲದ ಆ ಪೆಟ್ಟಿಗೆಯ ಮುಂದೆ ನಿಂತನು. ಆಗಲೂ ಮೌನ. ಎರಡು ಮೂರು ಗಂಟೆಯ ನಡುವೆ ಹುಡುಗಿ ಮನೆಗೆ ಹೋಗುತ್ತೇನೆಂದು ಬೇಡಿಕೊಂಡು ತಂದೆಯ ಜೊತೆ ಹೊರಟಳು. ಒಂದು ಬಗೆಯ ಸದ್ದನ್ನು ಮಾಡುವ ಕಲೆ ಹುಡುಗಿಗೆ ಗೊತ್ತಿದೆ, ಇದರಲ್ಲಿ ಯಾವ ಮೇಲಿನ ಶಕ್ತಿಯ ಕೈವಾಡವೂ ಇಲ್ಲ ಎಂಬುದು ಮಂಡಲಿಯ ತೀರ್ಮಾನ. ಅದನ್ನು ಬರೆದು ಪತ್ರಿಕೆಗೆ ಕೊಟ್ಟವನೇ ಜಾನ್ಸನ್. ಆದರೂ ಚಾರ್ಲ್ಸ್ ಚರ್ಚಿಲ್ ಎಂಬ ಕವಿ ಅದೇ ವರ್ಷ ‘ದಿ ಘೋಸ್ಟ್’ ಎಂಬ ಕಾವ್ಯದಲ್ಲಿ ಅವನನ್ನು ಪಾಂಪೋಸೋ ಎಂದು ಹೆಸರಿಸಿ ಗೇಲಿ ಮಾಡಿದನು. ಬಾಸ್ವೆಲ್ 1791ರಲ್ಲಿ ಚರಿತ್ರೆ ಬರೆಯುವಾಗ, ಈತ ಮೋಸವನ್ನು ಬಯಲಿಗೆಳೆದವರಲ್ಲಿ ಒಬ್ಬನೆಂದು ನೆನಪಿಸಬೇಕಾಯಿತು. ಗೇಲಿಯ ಆಯುಸ್ಸು ಯಾವಾಗಲೂ ತಿದ್ದುಪಡಿಗಿಂತ ದೀರ್ಘ.

ಹುಡುಗಿಯನ್ನು ಮನೆಯಿಂದ ಮನೆಗೆ ಒಯ್ದು ನೋಡಿದರು. ಹೋದಲ್ಲೆಲ್ಲ ಸದ್ದು ಹಿಂದೆಯೇ ಹೋಯಿತು. ಎಂದಮೇಲೆ ಅದು ಕಾಕ್ ಲೇನಿನ ಮನೆಯದಲ್ಲ, ಹುಡುಗಿಯದು ಎಂಬುದು ಸ್ಪಷ್ಟ. ಒಂದು ಮನೆಯಲ್ಲಿ ಹಾಸಿಗೆಯನ್ನು ತೂಗುಮಂಚದಂತೆ ನೆಲದಿಂದ ಮೇಲಕ್ಕೆ ಕಟ್ಟಿ, ಕೈಕಾಲುಗಳನ್ನು ಅಗಲಿಸಿ ಬಿಗಿದು ಮಲಗಿಸಿದರು, ಸದ್ದಿಲ್ಲ. ಪರೀಕ್ಷೆಯ ದೃಷ್ಟಿಯಿಂದ ಇದು ತಕ್ಕದ್ದು. ಹುಡುಗಿಯ ದೃಷ್ಟಿಯಿಂದ ಏನೆನ್ನಬೇಕೋ ತಿಳಿಯದು. ಮುಂದಿನದನ್ನು ಮಾತ್ರ ನಾನು ಒಪ್ಪಲಾರೆ. ಫೆಬ್ರವರಿ 21ರ ಭಾನುವಾರದೊಳಗೆ ಸದ್ದು ಬಾರದಿದ್ದರೆ ನಿನ್ನನ್ನೂ ನಿನ್ನ ತಂದೆಯನ್ನೂ ನ್ಯೂಗೇಟ್ ಸೆರೆಮನೆಗೆ ಹಾಕುತ್ತೇವೆ ಎಂದು ಅವಳಿಗೆ ಹೇಳಿದರು. ಪಾಪ, ಅವಳೇನು ಮಾಡಿಯಾಳು! ಸುಮಾರು 6 ಅಂಗುಲ ಉದ್ದ, 4 ಅಂಗುಲ ಅಗಲದ ಒಂದು ಮರದ ತುಂಡನ್ನು ಬಟ್ಟೆಯೊಳಗೆ ಬಚ್ಚಿಟ್ಟುಕೊಂಡಳು. ಕಾವಲಿದ್ದ ದಾಸಿಯರು ಅದನ್ನು ಕಂಡು ದೊಡ್ಡವರಿಗೆ ತಿಳಿಸಿದರು. ದೊಡ್ಡವರು ತಡೆಯಲಿಲ್ಲ, ಮರುದಿನ ಅವಳು ಕುಟ್ಟುವವರೆಗೆ ಕಾದರು, ಹಿಡಿದರು.

ಕಾಕ್ ಲೇನಿನ ಸದ್ದಿನ ಮೂಲ ಸಿಕ್ಕಿತೆಂದು ಪುಸ್ತಕಗಳು ಹೇಳುವುದು ಈ ಮರದ ತುಂಡನ್ನು ತೋರಿಸಿ. ಆದರೆ ಅಂದು ಕೋಣೆಯಲ್ಲಿದ್ದವರೇ ಈ ಸದ್ದು ಹಿಂದಿನ ಸದ್ದಿನಂತಿಲ್ಲವೆಂದೂ, ಬೆದರಿಕೆಗೆ ಹೆದರಿ ಹುಡುಗಿ ಹೀಗೆ ಮಾಡಿದಳೆಂದೂ ಹೇಳಿದ್ದರು. ಎಂದಮೇಲೆ ಆ ತುಂಡು ಒಂದು ಸದ್ದಿಗಷ್ಟೇ ಸಾಕ್ಷಿ, ಪರೀಕ್ಷಕರೇ ಹುಟ್ಟಿಸಿದ ಕೊನೆಯ ಸದ್ದಿಗೆ. ಹಿಂದಿನವು ದೆವ್ವದವು ಎಂದು ನಾನು ಹೇಳುತ್ತಿಲ್ಲ. ಹೊದಿಕೆಯೊಳಗಿನ ಬೆರಳು, ಉಗುರು, ಮಂಚದ ಪಟ್ಟಿ ಇಷ್ಟಿದ್ದರೆ ಸಾಕು. ಮನೆಯಲ್ಲಿ ಮೇರಿ ಫ್ರೇಜರ್ ಎಂಬ ಹೆಂಗಸು ಕೋಣೆಯ ತುಂಬ ಓಡಾಡುತ್ತ ‘ಬಾ ಫ್ಯಾನಿ’ ಎಂದು ಕರೆಯುತ್ತಲೂ ಇದ್ದಳು. ಬೆರಳಿನ ಮೂಲವನ್ನು ಹುಡುಕಿದವರಿಗೆ ಪ್ರಶ್ನೆಯ ಮೂಲವನ್ನು ಹುಡುಕಬೇಕೆಂದು ತೋರಿದ್ದು ಸ್ವಲ್ಪ ತಡವಾಗಿ.

ಆ ಹುಡುಕಾಟ ನಡೆದದ್ದು 1762ರ ಜುಲೈ 10ರಂದು, ಲಂಡನ್ನಿನ ಗಿಲ್ಡ್‌ಹಾಲಿನಲ್ಲಿ, ಮುಖ್ಯ ನ್ಯಾಯಮೂರ್ತಿ ಮ್ಯಾನ್ಸ್‌ಫೀಲ್ಡ್ ಪ್ರಭುವಿನ ಮುಂದೆ. ಸುಳ್ಳು ಕೊಲೆಯ ಆರೋಪದಿಂದ ಕೆಂಟನ ಪ್ರಾಣ ತೆಗೆಯಲು ಒಳಸಂಚು ನಡೆಸಿದರೆಂಬುದು ದೂರು. ಪಾರ್ಸನ್ಸ್, ಅವನ ಹೆಂಡತಿ, ಮೇರಿ ಫ್ರೇಜರ್, ಪಾದ್ರಿ ಮೂರ್, ರಿಚರ್ಡ್ ಜೇಮ್ಸ್ ಎಂಬ ವ್ಯಾಪಾರಿ, ಈ ಐವರು ಆರೋಪಿಗಳು. ಫ್ಯಾನಿಯನ್ನು ನೋಡಿಕೊಂಡ ವೈದ್ಯನೂ ಔಷಧಿಯಂಗಡಿಯವನೂ ಬಂದು, ಅದು ಸಿಡುಬೇ ಎಂದು ಸಾಕ್ಷಿ ಹೇಳಿದರು. ಜೂರಿಗಳು ಹದಿನೈದು ನಿಮಿಷಗಳಲ್ಲಿ ಎಲ್ಲರೂ ತಪ್ಪಿತಸ್ಥರೆಂದು ನಿರ್ಣಯಿಸಿದರು. ಪಾದ್ರಿಯೂ ವ್ಯಾಪಾರಿಯೂ ಕೆಂಟನಿಗೆ 588 ಪೌಂಡುಗಳನ್ನು ಕೊಟ್ಟು, ಛೀಮಾರಿಯೊಂದಿಗೆ ಪಾರಾದರು. ಹಣವಿಲ್ಲದವರಿಗೆ ಸೆರೆಮನೆ: ಪಾರ್ಸನ್ಸನಿಗೆ ಎರಡು ವರ್ಷ, ಹೆಂಡತಿಗೆ ಒಂದು ವರ್ಷ, ಮೇರಿ ಫ್ರೇಜರಳಿಗೆ ಆರು ತಿಂಗಳ ದುಡಿಮೆ. ಪಾರ್ಸನ್ಸನನ್ನು ಮೂರು ಸಲ ಬೀದಿಯಲ್ಲಿ ನಿಲ್ಲಿಸಿ, ಕೊರಳನ್ನೂ ಕೈಗಳನ್ನೂ ಹಲಗೆಯ ಕಂಡಿಗಳಲ್ಲಿ ಸಿಕ್ಕಿಸಬೇಕೆಂದೂ ವಿಧಿಸಿದರು. ಹಾಗೆ ಸಿಕ್ಕಿಕೊಂಡವರ ಮೇಲೆ ಕೊಳೆತ ಮೊಟ್ಟೆ, ಕೆಸರು, ಕಲ್ಲು ಎಸೆಯುವುದು ಲಂಡನ್ನಿನ ಜನರ ವಾಡಿಕೆ. ಪಾರ್ಸನ್ಸನಿಗೆ ಅವರು ಕಲ್ಲೆಸೆಯಲಿಲ್ಲ. ಹಣ ಕೂಡಿಸಿ ಕೊಟ್ಟರು. ನ್ಯಾಯಾಲಯಕ್ಕೆ ಸಿಕ್ಕಿದ ಉತ್ತರ ಬೀದಿಗೆ ಒಪ್ಪಿಗೆಯಾಗಿರಲಿಲ್ಲವೆಂದು ಕಾಣುತ್ತದೆ. ತಾನು ನಿರಪರಾಧಿ ಎಂದೇ ಅವನು ಹೇಳುತ್ತ ಬಂದನು.

ಫ್ಯಾನಿಯನ್ನಂತೂ ಯಾರೂ ನೆಮ್ಮದಿಯಿಂದ ಇರಗೊಡಲಿಲ್ಲ. ಅಂದು ನೆಲಮಾಳಿಗೆಯಲ್ಲಿ ಬಡಿತ ಕೇಳಿಸದಿದ್ದುದಕ್ಕೆ ಕಾರಣ, ಕೆಂಟನು ಹೆಣವನ್ನೇ ಸಾಗಿಸಿಬಿಟ್ಟಿದ್ದಾನೆ ಎಂದು ಜನ ಆಡಿಕೊಂಡರು. ಆ ಬಾಯಿಗಳನ್ನು ಮುಚ್ಚಿಸಲು ಫೆಬ್ರವರಿ 25ರಂದು ಕೆಂಟನು ಆಲ್ಡ್ರಿಚನನ್ನೂ ಇತರರನ್ನೂ ಕರೆದುಕೊಂಡು ಹೋಗಿ, ತಾನು ಮದುವೆಯಾಗಲಾರದೆ ಹೋದ ಹೆಂಗಸಿನ ಪೆಟ್ಟಿಗೆಯ ಮುಚ್ಚಳವನ್ನು ತೆರೆಸಿ ತೋರಿಸಬೇಕಾಯಿತು.

ಕಾಕ್ ಲೇನಿನ ಆ ಮನೆಯನ್ನು 1979ರಲ್ಲಿ ಕೆಡವಿದರು. ಅದಕ್ಕೂ ಬಹಳ ಹಿಂದೆ, 1845ರ ಸುಮಾರಿನಲ್ಲಿ, ಜೆ. ಡಬ್ಲ್ಯು. ಆರ್ಚರ್ ಎಂಬ ಚಿತ್ರಕಾರ ಸೇಂಟ್ ಜಾನ್ ಚರ್ಚಿನ ನೆಲಮಾಳಿಗೆಯಲ್ಲಿ ಚಿತ್ರ ಬರೆಯಲು ಹೋಗಿದ್ದನು. ಚರ್ಚಿನ ಚಾಕರಿಯವನ ಹುಡುಗ ಒಂದು ಪೆಟ್ಟಿಗೆಯನ್ನು ತೋರಿಸಿ, ಇದು ಪರಚುವ ಫ್ಯಾನಿಯದು ಎಂದನು. ಮುಚ್ಚಳ ಸಡಿಲವಾಗಿತ್ತು. ಆರ್ಚರ್ ಸರಿಸಿ ನೋಡಿದನು: ಕೆಡದೆ ಉಳಿದಿದ್ದ ಒಬ್ಬ ಸುಂದರ ಹೆಂಗಸಿನ ಮುಖ, ಸಿಡುಬಿನ ಕಲೆಯಿಲ್ಲ. ಪಾಷಾಣವು ಹೆಣವನ್ನು ಕೆಡದಂತೆ ಇಡುತ್ತದೆಂದು ನೆನಪಿಸಿಕೊಂಡವರು ಹಳೆಯ ಸಂಶಯವನ್ನು ಮತ್ತೆ ಎತ್ತಿದರು. ಆದರೆ ಪೆಟ್ಟಿಗೆಯ ಮೇಲೆ ಹೆಸರಿನ ಫಲಕವಿರಲಿಲ್ಲವಷ್ಟೆ. ಅದು ಫ್ಯಾನಿಯದೇ ಎಂಬುದಕ್ಕೆ ಆ ಹುಡುಗನ ಮಾತೊಂದೇ ಆಧಾರ.